ಅಕ್ಕಿ, ಹಾಲು ಮತ್ತು ಮುಕ್ಕಾಲು ತಾಸು



ಹುಬ್ಬಳ್ಳಿಯ ಬೆಂಗೇರಿ ಅಂದಕೂಡಲೆ ಹೊರಗಿನವರಿಗೆ ನೆನಪಾಗುವುದು ರಾಷ್ಟ್ರಧ್ವಜ. 1957ರ ನವೆಂಬರ್ 1ರಂದು ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇರುವುದು ಇಲ್ಲಿಯೇ. ಧ್ವಜದ ನೂಲಿಗೆ, ನೇಯ್ಗೆಗೆ, ಬಣ್ಣಕ್ಕೆ, ಅಳತೆಗೆ ಭಾರತೀಯ ಮಾನಕ ಬ್ಯೂರೋದ ಕಟ್ಟುನಿಟ್ಟಿನ ನಿಯಮಗಳಿವೆ. ಆ ಮಾನಕದ ಸಂಖ್ಯೆ ಐಎಸ್ 1. ಸಂಘದಲ್ಲಿ ನೂಲುವ, ಹೊಲಿಯುವ ಕೆಲಸದಲ್ಲಿರುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಅಲ್ಲಿ ಬಟ್ಟೆಯ ಉದ್ದ ಅಗಲ ಮೂರಕ್ಕೆ ಎರಡು ಅಂದರೆ ಮೂರಕ್ಕೆ ಎರಡೇ. ಅವರೇ ಸಂಜೆ ಮನೆಗೆ ಬಂದು ಒಲೆ ಹಚ್ಚಿ ಪಾಯಸಕ್ಕಿಟ್ಟರೆ ಅದಕ್ಕೆ ಮಾತ್ರ ಯಾವ ಮಾನಕವೂ ಇಲ್ಲ. ಒಂದು ಮನೆಯಲ್ಲಿ ಅದು ಕುಡಿಯುವಷ್ಟು ತೆಳ್ಳಗೆ, ಪಕ್ಕದ ಮನೆಯಲ್ಲಿ ಸವಟಿಗೆ ಅಂಟಿಕೊಂಡು ಬೀಳಲೊಲ್ಲದಷ್ಟು ಗಟ್ಟಿ. ಇವತ್ತು ನಾನು ಮಾತಾಡುವುದು ಇವೆರಡರ ನಡುವಿನ ಪಾಯಸದ ಬಗ್ಗೆ: ಕೆನೆಯಂತೆ ನುಣುಪಾದ, ಚಮಚದಿಂದ ಮೆಲ್ಲಗೆ ಜಾರುವ, ಆದರೆ ಅಕ್ಕಿಯ ಕಾಳು ನಾಲಿಗೆಗೆ ತಿಳಿಯುವ ಹಾಲಿನ ಅಕ್ಕಿ ಪಾಯಸ. ಗ್ಯಾಸಿನ ಒಲೆಯ ಮೇಲೆ ಮಾಡುವಂಥದ್ದು.

ನಮ್ಮ ಓಣಿಯ ಹೊಸ ಸೊಸೆಯೊಬ್ಬಳು ಒಮ್ಮೆ ಕೇಳಿದಳು: "ಅಕ್ಕಾರ, ನಮ್ಮ ಪಾಯಸ ಎಷ್ಟ್ ಕುದಿಸಿದ್ರೂ ದಪ್ಪ ಆಗವಲ್ದು ನೋಡ್ರಿ. ಡಬ್ಬಿ ಹಾಲು ಹಾಕ್ಲೇನ್ರಿ, ಖೋವಾ ಹಾಕ್ಲೇನ್ರಿ?" ಎರಡೂ ಬೇಡವ್ವಾ ಅಂದೆ. ಪಾಯಸ ದಪ್ಪ ಆಗಲು ಬೇಕಾದದ್ದೆಲ್ಲ ಅಕ್ಕಿ ಡಬ್ಬಿಯಲ್ಲೇ ಇದೆ. ಅದನ್ನು ಹೊರಗೆ ತರುವುದು ಹೇಗೆ ಅನ್ನುವುದನ್ನು ತಿಳಿದರೆ ಸಾಕು. ಅಡಿಗೆಗೂ ಕಾರ್ಯಕಾರಣ ಇರುತ್ತದೆ ಎಂದು ನಮ್ಮ ಹಿರಿಯರು ಎಂದೋ ಒಪ್ಪಿದ್ದರು. ಚಾಲುಕ್ಯರ ಕಾಲದ ಎರಡನೆಯ ಚಾವುಂಡರಾಯ ಸುಮಾರು 1025ರಲ್ಲಿ ಬರೆದ 'ಲೋಕೋಪಕಾರ'ದಲ್ಲಿ ಮಳೆ, ಬಾವಿ, ಗಿಡಮರಗಳ ವಿಚಾರದ ಜೊತೆಗೇ ಅಡಿಗೆಗೂ ಒಂದು ಅಧ್ಯಾಯವಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸ 'ಸೂಪಶಾಸ್ತ್ರ' ಎಂಬ ಪುಸ್ತಕವನ್ನೇ ಬರೆದ. ಹಾಗಾಗಿ ಪಾಯಸಕ್ಕೆ ಕಾರಣ ಹುಡುಕುವುದು ಹೊಸ ಕಾಲದ ಹುಚ್ಚೇನೂ ಅಲ್ಲ.

ಮೊದಲು ಅಕ್ಕಿ.

ನಮ್ಮದು ಜೋಳದ ಸೀಮೆ. ದಿನಾ ರೊಟ್ಟಿ, ಪಲ್ಯ, ಅದರ ಬೆನ್ನಿಗೆ ಒಂದಿಷ್ಟು ಅನ್ನ ಸಾರು. ಹಿಂದೆ ಎಷ್ಟೋ ಮನೆಗಳಲ್ಲಿ ಆ ಅನ್ನವೂ ಹಬ್ಬ ಹುಣ್ಣಿಮೆಗೆ ಮಾತ್ರ. ಸಿಹಿ ಅಂದರೆ ಗೋದಿ ಹುಗ್ಗಿ, ಹೋಳಿಗೆ, ಕಡಬು, ಶ್ಯಾವಿಗೆ ಪಾಯಸ. ಆದರೆ ಹುಬ್ಬಳ್ಳಿಯಿಂದ ಪಶ್ಚಿಮಕ್ಕೆ ಹೊರಟು ಕಲಘಟಗಿ, ಅಳ್ನಾವರದ ಕಡೆ ಹೋದರೆ ನೆಲದ ಗುಣ ಬದಲಾಗುತ್ತದೆ, ಮಳೆ ಹೆಚ್ಚಾಗುತ್ತದೆ, ಭತ್ತದ ಹೊಲಗಳು ಕಾಣುತ್ತವೆ. ಅಲ್ಲಿ ಸಸಿ ಮಾಡಿ ಕೆಸರುಗದ್ದೆಯಲ್ಲಿ ನಾಟಿ ಹಾಕುವುದಕ್ಕಿಂತ ಮುಂಗಾರಿನ ಮುಂಚೆ ಒಣ ನೆಲದಲ್ಲಿ ಕೂರಿಗೆಯಿಂದ ಭತ್ತ ಬಿತ್ತುವ ರೂಢಿ ಹಳೆಯದು. ಧಾರವಾಡದಿಂದ ಅಳ್ನಾವರಕ್ಕೆ ಹೋಗುವ ರೈಲುದಾರಿಯಲ್ಲಿರುವ ಮುಗದದಲ್ಲಿ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರವಿದೆ. ಅಲ್ಲಿಂದ ಬಂದ 'ಮುಗದ ಸುಗಂಧ' ಎಂಬ ಪರಿಮಳದ ತಳಿ ಸಿಕ್ಕರೆ ಪಾಯಸಕ್ಕೆ ಅದಕ್ಕಿಂತ ಬೇರೆ ಬೇಡ. ಬೆಳಗಾವಿ ಕಡೆಯ ಅಂಬೆಮೊಹರವೂ ಒಳ್ಳೆಯದೇ. ಸಣ್ಣ ಕಾಳು, ಬೆಂದಾಗ ಮೆತ್ತಗಾಗುವ ಗುಣ, ಹದವಾದ ವಾಸನೆ. ಇವು ಯಾವುವೂ ಇಲ್ಲದಿದ್ದರೆ ಮನೆಯಲ್ಲಿ ದಿನಾ ಉಣ್ಣುವ ಸೋನಾ ಮಸೂರಿ ಸಾಕು.

ತಳಿಯ ಜೊತೆಗೆ ನೋಡಬೇಕಾದ ಇನ್ನೊಂದು ಸಂಗತಿ ಅಕ್ಕಿಯ ವಯಸ್ಸು. ಅನ್ನಕ್ಕೆ ನಾವು ಹಳೆಯ ಅಕ್ಕಿ ಹುಡುಕುತ್ತೇವೆ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ, ಅಗುಳು ಬಿಡಿಬಿಡಿಯಾಗಿ ನಿಲ್ಲುವುದಿಲ್ಲ ಎಂದು ದೂರುತ್ತೇವೆ. ಅದೇ ದೋಷ ಪಾಯಸದಲ್ಲಿ ಗುಣವಾಗುತ್ತದೆ. ಹೊಸ ಅಕ್ಕಿಯ ಕಾಳಿನಿಂದ ಪಿಷ್ಟ ಬೇಗ ಹೊರಗೆ ಬರುತ್ತದೆ, ಹಾಲಿಗೆ ಸೇರುತ್ತದೆ, ಹಾಲು ದಪ್ಪಗಾಗುತ್ತದೆ. ದೀಪಾವಳಿಯ ನಂತರ ಹೊಸ ಅಕ್ಕಿ ಬಂದಾಗ ಅನ್ನ ಸರಿ ಬರಲಿಲ್ಲವೆಂದು ಬೇಸರ ಪಡುವವರು ಅದನ್ನು ಒಂದು ಡಬ್ಬಿಯಲ್ಲಿ ಪಾಯಸಕ್ಕೆಂದೇ ಎತ್ತಿಡಬಹುದು. ಹಾಗೆಯೇ ನುಚ್ಚು. ಇಡೀ ಅಕ್ಕಿಗಿಂತ ಕಡಿಮೆ ಬೆಲೆಗೆ ಸಿಗುವ ನುಚ್ಚಿನಲ್ಲಿ ಒಡೆದ ಮುಖಗಳು ಹೆಚ್ಚು. ಪಿಷ್ಟ ಬಿಡುವುದೂ ಹೆಚ್ಚು. ಮುಕ್ಕಾಲು ಪಾಲು ಅಕ್ಕಿ, ಕಾಲು ಪಾಲು ನುಚ್ಚು ಸೇರಿಸಿ ಮಾಡಿದ ಪಾಯಸ ದುಬಾರಿ ಗೋಡಂಬಿ ಅರೆದು ಹಾಕಿದ್ದಕ್ಕಿಂತ ಚೆನ್ನಾಗಿ ಕೂಡಿಬರುತ್ತದೆ. ಉದ್ದ ಕಾಳಿನ ಹಳೆಯ ಬಾಸುಮತಿಯನ್ನು ಪುಲಾವಿಗೆ ಇಡಿ. ಬಿಡಿಬಿಡಿಯಾಗಿ ನಿಲ್ಲುವುದೇ ಅದರ ಹಟ, ಪಾಯಸದಲ್ಲಿ ನಮಗೆ ಬೇಕಾದದ್ದು ಅದಲ್ಲ.

ಈ ಪಿಷ್ಟದ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಣ ಅಕ್ಕಿಯಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಇರುವುದು ಪಿಷ್ಟವೇ. ಅದರಲ್ಲಿ ಎರಡು ಬಗೆ: ಅಮೈಲೋಸ್, ಅಮೈಲೋಪೆಕ್ಟಿನ್. ಅಮೈಲೋಸ್ ಹೆಚ್ಚಿರುವ ಅಕ್ಕಿ ಬಿಡಿಯಾಗಿ ಉದುರುತ್ತದೆ, ಆರಿದ ಮೇಲೆ ಗಡುಸಾಗುತ್ತದೆ. ಅಮೈಲೋಪೆಕ್ಟಿನ್ ಹೆಚ್ಚಿದ್ದರೆ ಅಂಟು, ಮೆತ್ತಗೆ. ಸುಮಾರು 65ರಿಂದ 75 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿದಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬುತ್ತವೆ. ಆಮೇಲೆ ನಾವು ಸವಟು ಆಡಿಸಿದಂತೆಲ್ಲ ಕಾಳಿಗೆ ಕಾಳು ಉಜ್ಜಿ, ಹೊರಮೈಯ ಪಿಷ್ಟ ಹಾಲಿಗೆ ಇಳಿಯುತ್ತದೆ. ಪಾಯಸಕ್ಕೆ ಕೆನೆಯ ಹದ ಬರುವುದು ಹೀಗೆ. ಅಂದರೆ ಸವಟು ಆಡಿಸುವುದು ತಳ ಹತ್ತದಿರಲಿ ಎಂಬ ಕಾರಣಕ್ಕಷ್ಟೇ ಅಲ್ಲ, ಆಡಿಸುವುದೇ ಅಡಿಗೆ. ಅಕ್ಕಿಯನ್ನು ಐದಾರು ಸಲ ನೀರು ತಿಳಿಯಾಗುವವರೆಗೆ ತಿಕ್ಕಿ ತೊಳೆದರೆ ಬೇಕಾದ ಪಿಷ್ಟವೇ ಚರಂಡಿಗೆ ಹೋಗುತ್ತದೆ. ಆರಿಸಿ, ಒಂದೆರಡು ಸಲ ತೊಳೆದರೆ ಸಾಕು. ಅಕ್ಕಿಯನ್ನು ತುಪ್ಪದಲ್ಲಿ ಕೆಂಪಗೆ ಹುರಿಯುವವರೂ ಇದ್ದಾರೆ. ವಾಸನೆ ಘಮ್ಮೆನ್ನುತ್ತದೆ ನಿಜ, ಆದರೆ ತುಪ್ಪ ಕಾಳನ್ನು ಸುತ್ತಿಕೊಂಡು ಪಿಷ್ಟವನ್ನು ಒಳಗೇ ಹಿಡಿದಿಡುತ್ತದೆ. ಹುರಿಯಲೇಬೇಕೆಂದರೆ ಬಿಸಿ ತಾಗುವಷ್ಟು ಅರ್ಧ ನಿಮಿಷ ಸಾಕು.

ಇನ್ನು ಹಾಲು.

ಧಾರವಾಡ ಸೀಮೆಗೆ ಎಮ್ಮೆಯ ಹಾಲಿನ ಭಾಗ್ಯ ಇದೆ. ನೆತ್ತಿಯಿಂದ ಹಿಂದಕ್ಕೆ ಅರ್ಧಚಂದ್ರನಂತೆ ಬಾಗಿದ ಕೋಡಿನ ನಮ್ಮ ಊರ ಎಮ್ಮೆಯನ್ನು 2021ರಲ್ಲಿ ಕರ್ನಾಲಿನ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಸಂಸ್ಥೆ 'ಧಾರವಾಡಿ' ಎಂಬ ಹೆಸರಿನಲ್ಲಿ ಪ್ರತ್ಯೇಕ ತಳಿಯಾಗಿ ನೋಂದಾಯಿಸಿತು. ಧಾರವಾಡ ಪೇಡೆಯ ಬೆನ್ನಿಗಿರುವುದು ಈ ಹಾಲು. ಉತ್ತರದ ಉನ್ನಾವ್‌ದಿಂದ ಬಂದ ಠಾಕೂರ್ ಮನೆತನ ಇಲ್ಲಿ ಪೇಡೆ ಮಾಡತೊಡಗಿದಾಗ ಅವರ ಕೈಗೆ ಸಿಕ್ಕದ್ದು ಗೌಳಿಗರ ಮನೆಯ ಈ ಗಟ್ಟಿ ಹಾಲು. ಹಸುವಿನ ಹಾಲಿನಲ್ಲಿ ಕೊಬ್ಬಿನಂಶ ಸುಮಾರು ಶೇಕಡ 3.5ರಿಂದ 4, ಎಮ್ಮೆಯ ಹಾಲಿನಲ್ಲಿ 6ರಿಂದ 7, ಕೆಲವೊಮ್ಮೆ ಇನ್ನೂ ಹೆಚ್ಚು. ಕೊಬ್ಬಷ್ಟೇ ಅಲ್ಲ, ಪ್ರೋಟೀನೂ ಹೆಚ್ಚು. ಹೀಗಾಗಿ ಎಮ್ಮೆಯ ಹಾಲು ಬೇಗ ದಪ್ಪಗಾಗುತ್ತದೆ.

ಬೆಂಗೇರಿಯಂಥ ಬಡಾವಣೆಯಲ್ಲಿ ಈಗ ಎಲ್ಲರ ಬಾಗಿಲಿಗೆ ಗೌಳಿಗರು ಬರುವುದಿಲ್ಲ, ಪಾಕೀಟು ಬರುತ್ತದೆ. ಪಾಕೀಟಿನ ಹಾಲು ಎಲ್ಲವೂ ಒಂದೇ ಅಲ್ಲ, ಮೇಲೆ ಬರೆದದ್ದನ್ನು ಓದಿ. ನಂದಿನಿಯ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇಕಡ 3, ಶುಭಂನಲ್ಲಿ 4.5, ಸಮೃದ್ಧಿಯಲ್ಲಿ 6. ಪಾಯಸಕ್ಕೆ ಸಮೃದ್ಧಿಯಂಥ ಪೂರ್ಣ ಕೆನೆಯ ಹಾಲು ತಂದರೆ ಕೆಲಸ ಹಗುರ. ಟೋನ್ಡ್ ಹಾಲೇ ಇದ್ದರೂ ಹಿಂಜರಿಯಬೇಡಿ. ಹತ್ತು ನಿಮಿಷ ಹೆಚ್ಚು ಕುದಿಸಿ, ನುಚ್ಚಿನ ಪಾಲನ್ನು ತುಸು ಏರಿಸಿ. ಹದ ಬರುತ್ತದೆ, ಎಮ್ಮೆಯ ಹಾಲಿನ ರುಚಿ ಮಾತ್ರ ಅದಕ್ಕೆ ಬರುವುದಿಲ್ಲ.

ಡಬ್ಬಿ ಹಾಲಿನ ಬಗ್ಗೆ ಒಂದು ಮಾತು. ಸಿಹಿ ಸೇರಿಸಿ ಗಟ್ಟಿಮಾಡಿದ ಆ ಹಾಲಿನಲ್ಲಿ ಶೇಕಡ 40ಕ್ಕೂ ಹೆಚ್ಚು ಸಕ್ಕರೆಯೇ ಇರುತ್ತದೆ. ಅದನ್ನು ಸುರಿದರೆ ಪಾಯಸ ಬೇಗ ದಪ್ಪ ಆಗುತ್ತದೆ, ಆದರೆ ಅಕ್ಕಿಯ ರುಚಿ ಅದರ ಸಿಹಿಯ ಕೆಳಗೆ ಮುಚ್ಚಿಹೋಗುತ್ತದೆ. ಯಾರ ಮನೆಯ ಪಾಯಸವಾದರೂ ಒಂದೇ ರುಚಿ. ಮೆಕ್ಕೆಜೋಳದ ಹಿಟ್ಟು ಕಲಸಿ ಹಾಕುವುದು ಇನ್ನೂ ಕೆಟ್ಟದ್ದು. ಬಿಸಿಯಿದ್ದಾಗ ನುಣುಪು, ಆರಿದ ಮೇಲೆ ಕತ್ತರಿಸುವಷ್ಟು ಗಟ್ಟಿ. ಅಕ್ಕಿಯ ಪಿಷ್ಟ ಅಕ್ಕಿಯಲ್ಲೇ ಇರುವಾಗ ಮೆಕ್ಕೆಜೋಳದ ಪಿಷ್ಟವನ್ನು ಕಾಸು ಕೊಟ್ಟು ತರುವುದು ಯಾಕೆ?

ಈಗ ಪೆನ್ಸಿಲು ಕಾಗದ ಹತ್ತಿರವಿದ್ದರೆ ಬರೆದುಕೊಳ್ಳಿ. ಅಳತೆ ನೆನಪಿಡಲು ಸುಲಭವಾಗಲಿ ಎಂದು ಎಲ್ಲವನ್ನೂ ಒಂದೇ ವಾಟಿಯಲ್ಲಿ ಹೇಳುತ್ತೇನೆ. 200 ಮಿಲಿಲೀಟರ್ ನೀರು ಹಿಡಿಯುವ ವಾಟಿ. ಅಕ್ಕಿ ಅರ್ಧ ವಾಟಿ, ತೂಕದಲ್ಲಿ ಸುಮಾರು 80 ಗ್ರಾಂ. ಸಕ್ಕರೆ ಅರ್ಧ ವಾಟಿ. ನೀರು ಒಂದು ವಾಟಿ. ಹಾಲು ಐದು ವಾಟಿ, ಅಂದರೆ ಒಂದು ಲೀಟರ್. ಇನ್ನೊಮ್ಮೆ ಹೇಳುತ್ತೇನೆ: ಅರ್ಧ ಅಕ್ಕಿ, ಅರ್ಧ ಸಕ್ಕರೆ, ಒಂದು ನೀರು, ಐದು ಹಾಲು. ಇದರ ಜೊತೆಗೆ ಎರಡು ಚಮಚ ತುಪ್ಪ, ನಾಲ್ಕು ಯಾಲಕ್ಕಿ, ಒಂದಿಷ್ಟು ಗೋಡಂಬಿ ಮತ್ತು ಮನುಕ, ಚಿಟಿಕೆ ಉಪ್ಪು. ಇಷ್ಟರಲ್ಲಿ ಆರು ಜನರಿಗೆ ಆಗುತ್ತದೆ. ಅಕ್ಕಿ ಇಷ್ಟು ಸಾಲದು ಎಂದು ಅನ್ನಿಸಬಹುದು. ಪಾಯಸ ಮುದ್ದೆಯಾಗುವುದಕ್ಕೆ ಮೊದಲ ಕಾರಣವೇ ಆ ಅನಿಸಿಕೆ. ಅರ್ಧ ವಾಟಿ ಅಕ್ಕಿ ಹಾಲು ಕುಡಿದು ಹಲವು ಪಟ್ಟು ಹಿಗ್ಗುತ್ತದೆ.

ಪಾತ್ರೆ ದಪ್ಪ ತಳದ್ದಾಗಿರಲಿ, ಬಾಯಿ ಅಗಲವಾಗಿರಲಿ. ಕಲಾಯಿ ಮಾಡಿಸಿದ ಹಿತ್ತಾಳೆಯ ಬೋಗುಣಿ ಇದ್ದರೆ ಅದೇ ಉತ್ತಮ. ತೆಳುವಾದ ಸ್ಟೀಲ್ ಪಾತ್ರೆ ಉರಿಯನ್ನು ಒಂದೇ ಕಡೆ ಹಿಡಿಯುತ್ತದೆ. ಅಲ್ಲಿಯೇ ಹಾಲು ತಳ ಹತ್ತುತ್ತದೆ. ಹಾಲು ಕಾದಾಗ ಅದರಲ್ಲಿನ ಕೆಲವು ಪ್ರೋಟೀನುಗಳು ತಮ್ಮ ರೂಪ ಬಿಟ್ಟು ಪಾತ್ರೆಯ ತಳಕ್ಕೆ ಅಂಟುತ್ತವೆ, ಅದರ ಮೇಲೆ ಉರಿ ಹೆಚ್ಚಾದರೆ ಕರಕಾಗುತ್ತವೆ. ಪಾತ್ರೆಯನ್ನು ಮೊದಲು ನೀರಿನಿಂದ ಒದ್ದೆ ಮಾಡಿ ಹಾಲು ಹಾಕುವ ನಮ್ಮ ಹಿರಿಯರ ರೂಢಿ ಈ ಅಂಟುವಿಕೆಯನ್ನು ತಡೆಯಲಿಕ್ಕೇ ಹುಟ್ಟಿದ್ದು. ಸವಟು ಮರದ್ದು, ತುದಿ ಚಪ್ಪಟೆಯಾದದ್ದು ಇರಲಿ. ತಳವನ್ನು ಪೂರ್ತಿ ಸವರಿಕೊಂಡು ಬರುತ್ತದೆ.

ಅಕ್ಕಿಯನ್ನು ಅರ್ಧ ತಾಸು ನೆನೆಸಿ, ನೀರು ಬಸಿಯಿರಿ. ಬೋಗುಣಿಯಲ್ಲಿ ಒಂದು ವಾಟಿ ನೀರು ಕುದಿಸಿ ಅಕ್ಕಿ ಹಾಕಿ, ಚಿಟಿಕೆ ಉಪ್ಪು ಸೇರಿಸಿ, ಸಣ್ಣ ಉರಿಯಲ್ಲಿ ನೀರು ಹೀರುವವರೆಗೆ ಬೇಯಿಸಿ. ಎಂಟು ಹತ್ತು ನಿಮಿಷ ಹಿಡಿಯುತ್ತದೆ. ಕಾಳು ಮುಕ್ಕಾಲು ಬೆಂದಿರಬೇಕು. ಅಕ್ಕಿಯನ್ನು ನೇರವಾಗಿ ಹಾಲಿನಲ್ಲೇ ಬೇಯಿಸುವ ಪದ್ಧತಿಯೂ ಇದೆ. ಹಾಲಿನಲ್ಲಿ ಅಕ್ಕಿ ನೀರಿಗಿಂತ ನಿಧಾನವಾಗಿ ಬೇಯುತ್ತದೆ, ಅಷ್ಟು ಹೊತ್ತೂ ತಳ ಹತ್ತುವ ಭಯ. ಮೊದಲು ನೀರಿನಲ್ಲಿ ಅರೆಬೇಯಿಸಿದರೆ ಆ ಭಯ ಅರ್ಧ ಕಳೆಯುತ್ತದೆ, ಬಿಟ್ಟ ಪಿಷ್ಟವೂ ಬೋಗುಣಿಯಲ್ಲೇ ಉಳಿಯುತ್ತದೆ. ಕುಕ್ಕರಿನಲ್ಲಿ ಬೇಯಿಸಿದ ಮೆತ್ತನೆಯ ಅನ್ನವನ್ನು ಹಾಲಿಗೆ ಸುರಿದರೆ ಆಗುವುದಿಲ್ಲವೇ ಎಂದು ಕೇಳುವವರಿಗೆ ಉತ್ತರ: ಆಗುತ್ತದೆ, ಹಸಿವು ತಣಿಯುತ್ತದೆ, ಆದರೆ ಹಾಲು ಬೇರೆ ಅನ್ನ ಬೇರೆಯಾಗಿ ನಿಲ್ಲುತ್ತದೆ.

ಪಕ್ಕದ ಒಲೆಯಲ್ಲಿ ಕಾಯಿಸಿದ ಬಿಸಿ ಹಾಲನ್ನು ಈಗ ಬೋಗುಣಿಗೆ ಹಾಕಿ. ಒಂದು ಕುದಿ ಬರಲಿ. ಹಾಲು ಉಕ್ಕುವುದು ಯಾಕೆಂದರೆ ಮೇಲೆ ಕಟ್ಟುವ ಕೆನೆಯ ಪದರ ಕೆಳಗಿನ ಆವಿಯನ್ನು ಹೊರಗೆ ಬಿಡುವುದಿಲ್ಲ. ಆವಿ ಇಡೀ ಪದರವನ್ನೇ ಎತ್ತಿಕೊಂಡು ಏಳುತ್ತದೆ. ಸವಟು ಆಡುತ್ತಿದ್ದರೆ ಪದರ ಒಡೆಯುತ್ತದೆ, ಉಕ್ಕುವುದಿಲ್ಲ. ಕುದಿ ಬಂದಮೇಲೆ ಸಣ್ಣ ಬರ್ನರಿಗೆ ಇಳಿಸಿ. ಉರಿ ಎಷ್ಟಿರಬೇಕೆಂದರೆ ಹಾಲಿನ ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿರಬೇಕು, ನಡುವೆ ಕೊತಕೊತ ಕುದಿಯಬಾರದು. ಹೀಗೆ ಅರ್ಧ ತಾಸು, ಮೂವತ್ತೈದು ನಿಮಿಷ. ಮೊದಲ ಹದಿನೈದು ನಿಮಿಷ ಎರಡು ನಿಮಿಷಕ್ಕೊಮ್ಮೆ ಆಡಿಸಿದರೆ ಸಾಕು. ದಪ್ಪಗಾಗತೊಡಗಿದ ಮೇಲೆ ಕೈ ಬಿಡಬೇಡಿ. ಬೋಗುಣಿಯ ಗೋಡೆಗೆ ಹತ್ತಿದ ಕೆನೆಯನ್ನು ಕೆರೆದು ಒಳಗೇ ಸೇರಿಸುತ್ತಾ ಹೋಗಿ. ಬಾಸುಂದಿ ಮಾಡುವವರಿಗೆ ಈ ಕೆಲಸ ಗೊತ್ತು. ಬಿಳಿ ಹಾಲು ನಿಧಾನವಾಗಿ ಕೆನೆಬಣ್ಣಕ್ಕೆ ತಿರುಗುತ್ತದೆ. ಹಾಲಿನ ಸಕ್ಕರೆ ಮತ್ತು ಪ್ರೋಟೀನು ಬಿಸಿಯಲ್ಲಿ ಕೂಡಿದಾಗ ಬರುವ ಬಣ್ಣ ಅದು, ಜೊತೆಗೆ ಒಂದು ಹದವಾದ ಪರಿಮಳ. ಆ ಪರಿಮಳವನ್ನು ಯಾವ ಡಬ್ಬಿಯೂ ಕೊಡಲಾರದು.

ಸಕ್ಕರೆ ಯಾವಾಗ? ಒಂದು ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ನಡುವೆ ಗಟ್ಟಿ ಕಣ ಉಳಿಯದೆ ಪೂರ್ತಿ ಹಿಸುಕಿಹೋಗಬೇಕು. ಆಗ ಸಕ್ಕರೆ. ಅದಕ್ಕಿಂತ ಮುಂಚೆ ಹಾಕಿದರೆ ಸಕ್ಕರೆ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಪಿಷ್ಟ ಉಬ್ಬುವುದು ತಡವಾಗುತ್ತದೆ, ಅಕ್ಕಿ ಗಡುಸಾಗಿಯೇ ಉಳಿಯುತ್ತದೆ. ಸಕ್ಕರೆ ಹಾಕಿದ ಕೂಡಲೆ ಪಾಯಸ ತೆಳ್ಳಗಾಯಿತೆಂದು ಗಾಬರಿಯಾಗಬೇಡಿ. ಸಕ್ಕರೆ ಕರಗಿ ನೀರೊಡೆಯುತ್ತದೆ, ಐದಾರು ನಿಮಿಷ ಕುದಿಸಿದರೆ ಮತ್ತೆ ಕೂಡುತ್ತದೆ. ಇನ್ನು ಇಳಿಸುವ ಹೊತ್ತು. ಸವಟಿನ ಬೆನ್ನಿಗೆ ಪಾಯಸ ಹತ್ತಿಕೊಂಡಿರಬೇಕು. ಅದರ ಮೇಲೆ ಬೆರಳಿನಿಂದ ಗೆರೆ ಎಳೆದರೆ ಗೆರೆ ಕೂಡಲೆ ಮುಚ್ಚಬಾರದು. ನಿಮಗೆ ಬೇಕಾದ ಹದಕ್ಕಿಂತ ಒಂದು ಹೆಜ್ಜೆ ತೆಳ್ಳಗಿರುವಾಗಲೇ ಉರಿ ಆರಿಸಿ. ಆರುತ್ತಾ ಪಿಷ್ಟ ಇನ್ನೂ ಬಿಗಿಯಾಗುತ್ತದೆ. ಒಲೆಯ ಮೇಲೆಯೇ ಸರಿಯಾಗಿ ಕಂಡ ಪಾಯಸ ಪಂಕ್ತಿಗೆ ಬರುವ ಹೊತ್ತಿಗೆ ಗಟ್ಟಿಯಾಗಿರುತ್ತದೆ.

ಯಾಲಕ್ಕಿ ಪುಡಿ ಕೊನೆಗೆ, ಉರಿ ಆರಿಸಿದ ಮೇಲೆ. ಕುದಿಯುವಾಗ ಹಾಕಿದರೆ ಅದರ ಎಣ್ಣೆ ಆವಿಯೊಡನೆ ಹಾರಿ ಓಣಿಗೆಲ್ಲ ವಾಸನೆ, ಪಾಯಸಕ್ಕಿಲ್ಲ. ಜಾಜಿಕಾಯಿ ಇಷ್ಟವಿದ್ದವರು ಎರಡು ಸಲ ತೇಯ್ದರೆ ಸಾಕು. ಕೇಸರಿ ಇದ್ದರೆ ಬೆಚ್ಚಗಿನ ಹಾಲಿನಲ್ಲಿ ನೆನೆಸಿ ಹಾಕಿ, ಇಲ್ಲದಿದ್ದರೆ ಬಣ್ಣದ ಪುಡಿಯ ಗೊಡವೆ ಬೇಡ. ಗೋಡಂಬಿ, ಮನುಕಗಳನ್ನು ತುಪ್ಪದಲ್ಲಿ ಹುರಿದು ತುಪ್ಪದ ಸಮೇತ ಮೇಲೆ ಸುರಿಯಿರಿ.

ಬೆಲ್ಲದ ಪಾಯಸವೇ ಬೇಕು ಅನ್ನುವವರು ನಮ್ಮಲ್ಲಿ ಬಹಳ. ಹಾಲಿಗೆ ಬೆಲ್ಲ ಹಾಕಿ ಒಡೆದುಕೊಂಡು ಕೂತವರೂ ಬಹಳ. ಬೆಲ್ಲದಲ್ಲಿ ಹುಳಿಯಂಶ, ಲವಣಗಳು ಇರುತ್ತವೆ. ಕುದಿಯುವ ಹಾಲಿಗೆ ಅವು ಬಿದ್ದರೆ ಹಾಲಿನ ಪ್ರೋಟೀನು ಮುದ್ದೆಗಟ್ಟಿ ನೀರು ಬೇರೆಯಾಗುತ್ತದೆ. ಹಳೆಯ, ಹುಳಿ ವಾಸನೆ ಬಂದ ಬೆಲ್ಲವಾದರೆ ಈ ಅಪಾಯ ಇನ್ನೂ ಹೆಚ್ಚು. ಉಪಾಯ ಸರಳ. ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ, ಸೋಸಿ, ಆರಲು ಬಿಡಿ. ಪಾಯಸದ ಉರಿ ಆರಿಸಿ, ಅದೂ ಬೆರಳು ತಾಳುವಷ್ಟು ಬಿಸಿಗೆ ಇಳಿಯಲಿ. ಆಮೇಲೆ ಎರಡನ್ನೂ ಕೂಡಿಸಿ, ಮತ್ತೆ ಒಲೆಗೆ ಏರಿಸಬೇಡಿ. ಬೆಲ್ಲದ ಮೇಲೆ ಸಂಶಯವಿದ್ದರೆ ಮೊದಲು ಎರಡು ಚಮಚ ಬಿಸಿ ಹಾಲಿಗೆ ಚೂರು ಬೆಲ್ಲ ಹಾಕಿ ನೋಡಿ. ಗೋದಿ ಹುಗ್ಗಿಯಲ್ಲಿ ಈ ತೊಂದರೆ ಇಲ್ಲ. ಅದು ನೀರಿನಲ್ಲಿ ಬೆಂದು, ಬೆಲ್ಲದಲ್ಲಿ ಕೂಡಿ, ಹಾಲನ್ನು ಎಲೆಯ ಮೇಲೆ ಕಾಣುತ್ತದೆ. ನಮ್ಮ ಹಿರಿಯರು ಹುಗ್ಗಿಗೆ ಬೆಲ್ಲ, ಹಾಲಿನ ಪಾಯಸಕ್ಕೆ ಸಕ್ಕರೆ ಎಂದು ಹಂಚಿಕೊಂಡದ್ದರಲ್ಲಿ ಅನುಭವ ಇದೆ.

ಕೈ ತಪ್ಪಿದರೆ ಏನು ಮಾಡಬೇಕು? ತಳ ಹತ್ತಿದ ವಾಸನೆ ಬಂದರೆ ಕೆರೆಯಬೇಡಿ. ಮೇಲಿನದನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿ, ತಳದ್ದನ್ನು ಅಲ್ಲೇ ಬಿಡಿ. ಗಟ್ಟಿಯಾಗಿದ್ದರೆ ಬಿಸಿ ಹಾಲು ಸೇರಿಸಿ, ತಣ್ಣೀರು ಬೇಡ. ತೆಳ್ಳಗಿದ್ದರೆ ಎರಡು ಸವಟು ಪಾಯಸವನ್ನು ಬೇರೆ ತೆಗೆದು ಕಾಳುಗಳನ್ನು ಹುಟ್ಟಿನಿಂದ ಮಸೆದು ಮತ್ತೆ ಬೋಗುಣಿಗೆ ಹಾಕಿ ಕುದಿಸಿ. ಹೊರಗಿನ ಹಿಟ್ಟು ಮಾಡುವ ಕೆಲಸವನ್ನು ಅದೇ ಅಕ್ಕಿ ಮಾಡುತ್ತದೆ.

ಹಾಲು, ಅಕ್ಕಿ, ಸಿಹಿ ಕೂಡಿಸುವುದು ನಮ್ಮೊಬ್ಬರ ಸ್ವತ್ತಲ್ಲ. ಹುಬ್ಬಳ್ಳಿಯಲ್ಲೇ ಮುಸ್ಲಿಂ ಮನೆಗಳಲ್ಲಿ ಖೀರು ಇದೆ. ನೆನೆಸಿದ ಅಕ್ಕಿಯನ್ನು ತರಿತರಿಯಾಗಿ ಅರೆದು ಹಾಲಿನಲ್ಲಿ ಬೇಯಿಸಿ ಮಣ್ಣಿನ ಬಟ್ಟಲಲ್ಲಿ ತಣ್ಣಗೆ ಕೂರಿಸುವ ಫಿರ್ನಿ ಇದೆ. ಅರೆದಾಗ ಪಿಷ್ಟ ಪೂರ್ತಿ ಹೊರಬರುವುದರಿಂದ ಫಿರ್ನಿಗೆ ಅಕ್ಕಿ ಇನ್ನೂ ಕಡಿಮೆ ಸಾಕು. ತುರ್ಕಿಯವರು ಅಕ್ಕಿ ಪಾಯಸದ ಮೇಲ್ಮೈಯನ್ನು ಒಲೆಯಲ್ಲಿ ಕಂದುಬಣ್ಣ ಬರುವವರೆಗೆ ಸುಡುತ್ತಾರೆ. ಪೋರ್ಚುಗಲ್ಲಿನವರು ನಿಂಬೆ ಸಿಪ್ಪೆ ಹಾಕಿ ಕುದಿಸಿ, ಮೇಲೆ ದಾಲ್ಚಿನ್ನಿ ಪುಡಿಯಿಂದ ಚಿತ್ತಾರ ಬಿಡಿಸುತ್ತಾರೆ. ಡೆನ್ಮಾರ್ಕಿನಲ್ಲಿ ಕ್ರಿಸ್‌ಮಸ್ ಹಬ್ಬಕ್ಕೆ ತಣ್ಣಗಿನ ಅಕ್ಕಿ ಪಾಯಸದೊಳಗೆ ಒಂದು ಇಡೀ ಬಾದಾಮಿ ಅಡಗಿಸಿಟ್ಟು, ಅದು ಯಾರ ಬಟ್ಟಲಿಗೆ ಬರುತ್ತದೋ ಅವರಿಗೆ ಉಡುಗೊರೆ ಕೊಡುತ್ತಾರೆ. ಇವರೆಲ್ಲರೂ ಬಹುಮಟ್ಟಿಗೆ ಆರಿಸುವುದು ಸಣ್ಣ, ದುಂಡು ಕಾಳಿನ ಅಕ್ಕಿಯನ್ನೇ. ದೇಶ ಬೇರೆಯಾದರೂ ಪಿಷ್ಟದ ಸ್ವಭಾವ ಒಂದೇ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹಬ್ಬದ ದಿನ ಮಧ್ಯಾಹ್ನ ಮಾಡಿದ ಪಾಯಸವನ್ನು ಮುಚ್ಚಿ ಕಟ್ಟೆಯ ಮೇಲಿಟ್ಟು ರಾತ್ರಿ ಉಣ್ಣುವ ರೂಢಿ ಬಹಳ ಮನೆಗಳಲ್ಲಿದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳು ಇರಬಹುದು. ಅವು ಕುದಿತಕ್ಕೂ ಸಾಯುವುದಿಲ್ಲ. ಬೆಂದ ಅಕ್ಕಿ ಬೆಚ್ಚಗೆ ಕುಳಿತಾಗ ಬೆಳೆದು ವಿಷ ಬಿಡುತ್ತವೆ. ಒಂದು ಬಗೆಯ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ, ವಾಂತಿ ಹತ್ತುತ್ತದೆ. ಹಾಲೂ ಸೇರಿದಾಗ ಎಚ್ಚರ ಇನ್ನೂ ಹೆಚ್ಚು ಬೇಕು. ಎರಡು ತಾಸಿನೊಳಗೆ ಉಂಡು ಮುಗಿಸಿ, ಇಲ್ಲವೇ ಅಗಲವಾದ ತಾಟಿನಲ್ಲಿ ಬೇಗ ಆರಿಸಿ ಫ್ರಿಜ್ಜಿನಲ್ಲಿಡಿ. ಮಾರನೆಯ ದಿನ ಖಾಲಿ ಮಾಡಿ. ಚೈತ್ರ ವೈಶಾಖದ ಬಿಸಿಲಿನಲ್ಲಿ ಎರಡು ತಾಸೂ ಹೆಚ್ಚೇ.

ಇಷ್ಟೆಲ್ಲ ಹೇಳಿದ ಮೇಲೆ ಉಳಿಯುವ ಪ್ರಶ್ನೆ ಒಂದೇ: ಈ ಮುಕ್ಕಾಲು ತಾಸು ಒಲೆಯ ಮುಂದೆ ನಿಲ್ಲುವವರು ಯಾರು? ಅಕ್ಕಿ ಅಗ್ಗ, ಸಕ್ಕರೆ ಅಗ್ಗ, ಹಾಲೂ ಕೈಗೆ ಎಟಕುತ್ತದೆ. ಪಾಯಸದಲ್ಲಿ ತುಟ್ಟಿಯಾದದ್ದು ನಿಲ್ಲುವ ಹೊತ್ತು. ಡಬ್ಬಿ ಹಾಲಿನ ಮೊರೆ ಹೋಗುವ ಸೊಸೆಯನ್ನು ಸೋಮಾರಿ ಎನ್ನುವವರು ಇದನ್ನು ಲೆಕ್ಕ ಹಾಕುವುದಿಲ್ಲ. ಬೆಳಿಗ್ಗೆ ರೊಟ್ಟಿ ಬಡಿದು, ದಿನವಿಡೀ ದುಡಿದು ಬಂದು, ಮತ್ತೆ ಸಂಜೆಯ ಅಡಿಗೆಗೆ ನಿಂತವಳಿಗೆ ಪಾಯಸಕ್ಕೆಂದು ಇನ್ನೊಂದು ಮುಕ್ಕಾಲು ತಾಸು ಎಲ್ಲಿಂದ ಬರಬೇಕು? ಮದುವೆ ಮನೆಯಲ್ಲಿ ನೋಡಿ. ಸಾವಿರ ಜನರ ಪಾಯಸದ ಕಡಾಯಿ ಮುಂದೆ ಉದ್ದನೆಯ ಸವಟು ಹಿಡಿದು ಬೆವರಿಳಿಸುತ್ತ ನಿಂತವರು ಗಂಡಸರೇ. ಅಲ್ಲಿ ಬರುವ ಕೆಲಸ ಮನೆಯ ಬೋಗುಣಿಯ ಮುಂದೆ ಮರೆತುಹೋಗುವುದು ಹೇಗೆ?

ಆದ್ದರಿಂದ ನನ್ನ ವಿನಂತಿ ಇಷ್ಟೇ. ಮುಂದಿನ ರವಿವಾರ ಪಾಯಸ ಮಾಡಿ. ಅಕ್ಕಿ ನೆನೆಸುವುದು, ಹಾಲು ಕಾಯಿಸುವುದು ಯಾರೇ ಮಾಡಲಿ, ಸಣ್ಣ ಉರಿಗೆ ಇಳಿಸಿದ ಮೇಲೆ ಸವಟು ಮನೆಯ ಗಂಡಸರ ಕೈಗೆ, ಆಮೇಲೆ ಮಕ್ಕಳ ಕೈಗೆ ಕೊಡಿ. ತಲಾ ಹತ್ತು ನಿಮಿಷ ಬರುತ್ತದೆ, ಯಾರ ಕೈಯೂ ಸೋಲುವುದಿಲ್ಲ. ಅಳತೆ ಇನ್ನೊಮ್ಮೆ: ಅಕ್ಕಿ ಅರ್ಧ ವಾಟಿ, ಸಕ್ಕರೆ ಅರ್ಧ ವಾಟಿ, ನೀರು ಒಂದು ವಾಟಿ, ಹಾಲು ಐದು ವಾಟಿ.